ಮಾರಿಗೊಂದು ಗಂಟು

ಬಕೆಟ್ಟಿನಲ್ಲಿ ಕೊನೆಗೆ ಉಳಿದದ್ದು ಹೊದಿಕೆ. ಅದನ್ನು ಎರಡು ಸಲ ಹಿಂಡಿ, ಮೂಲೆಗಳನ್ನು ಹಿಡಿದು, ಎರಡೂ ಕೈ ಪೂರ್ತಿ ಚಾಚಿ ಹಗ್ಗದ ಮೇಲೆ ಎಳೆದೆ. ಹಿತ್ತಲಲ್ಲಿ ನಾನೊಬ್ಬಳೇ. ಒಳಗೆ ಅಮ್ಮ ಹರಿದ ಬಲೆಯ ಕಣ್ಣುಗಳನ್ನು ಹೆಣೆಯುತ್ತಿದ್ದಳು. ಗೋಡೆಯಾಚೆ ಇಳಿತದ ನೀರು ಹಿಂದೆ ಸರಿದು ಕೆಸರು ಹೊಳೆಯುತ್ತಿತ್ತು. ಬಟ್ಟೆ ಹಾಕುವ ತಂತಿ ಹಿಂದಿನ ದಿನ ತುಕ್ಕು ಹಿಡಿದು ತುಂಡಾಗಿತ್ತು. ಅದಕ್ಕೇ ಶೆಡ್ಡಿನ ಮೂಲೆಯಲ್ಲಿ ಸುರುಳಿಯಾಗಿ ಬಿದ್ದಿದ್ದ ಅಪ್ಪನ ಹಳೆಯ ಹಗ್ಗವನ್ನು ತಂದು ಎರಡು ಕಂಬದ ನಡುವೆ ಕಟ್ಟಿದ್ದೆ.

ಹೊದಿಕೆಯ ಸುಕ್ಕು ಬಿಡಿಸುವಾಗ ಎಡಗೈಗೆ ಒಂದು ಗಂಟು ಸಿಕ್ಕಿತು. ಬಲಗೈಗೆ ಮುಂದಿನ ಗಂಟು ಸಿಗಬೇಕಿತ್ತು. ಸಿಗಲಿಲ್ಲ.

ಹೊದಿಕೆಯನ್ನು ಮತ್ತೆ ಬಕೆಟ್ಟಿಗೆ ಹಾಕಿ, ಎಡಗೈಯನ್ನು ಗಂಟಿನ ಮೇಲಿಟ್ಟು, ಬಲಗೈಯ ಬೆರಳು ನೋಯುವಷ್ಟು ಚಾಚಿದೆ. ನನ್ನ ಕೈ ಮುಗಿದ ಮೇಲೂ ಒಂದು ಗೇಣು, ನಾಲ್ಕು ಬೆರಳು ಹಗ್ಗ ಉಳಿಯಿತು. ಮುಂದಿನ ಗಂಟಿಗೂ ಅಷ್ಟೇ. ಅದರ ಮುಂದಿನದಕ್ಕೂ ಅಷ್ಟೇ. ಆಮೇಲೆ ಅಳೆಯಲಿಲ್ಲ.

ಅಪ್ಪ ಆಳ ಅಳೆಯುವವನು. ದೋಣಿಗೊಬ್ಬ ಯಜಮಾನ ಇರುತ್ತಾನೆ. ಆದರೆ ನೀರಿನ ಆಳ ಎಷ್ಟು, ತಳದಲ್ಲಿರುವುದು ಮರಳೋ ಕೆಸರೋ ಚಿಪ್ಪೋ ಎಂದು ಹೇಳಲು ಇಡೀ ದಂಡೆಗೆ ಅಪ್ಪ ಒಬ್ಬನೇ. ಅವನ ಹತ್ತಿರ ಇರುವುದು ಒಂದು ಸೀಸದ ಗುಂಡು, ಒಂದು ಹಗ್ಗ. ಗುಂಡಿನ ತಳದಲ್ಲಿ ಒಂದು ಕುಳಿ. ಅದಕ್ಕೆ ಸಾಬೂನು ಮೆತ್ತಿ ಇಳಿಸಿದರೆ ತಳದ ಮಣ್ಣು ಅಂಟಿಕೊಂಡು ಮೇಲೆ ಬರುತ್ತದೆ. ಹಗ್ಗಕ್ಕೆ ಮಾರಿಗೊಂದು ಗಂಟು. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟೋ ಅಷ್ಟು ಒಂದು ಮಾರು. ಅಪ್ಪ ಆರಡಿ ಆಳು, ಅವನ ಮಾರೂ ಆರಡಿ. ನಮ್ಮ ದಂಡೆಯಲ್ಲಿ ಮಾರು ಎಂದರೆ ಅಪ್ಪನ ಮಾರು. ಸರ್ಕಾರದ ಕಡೆಯಿಂದ ಬಂದ ಎಂಜಿನಿಯರಮ್ಮ ಕೂಡ ತಮ್ಮ ಕಾಗದದಲ್ಲಿ ಹಾಗೇ ಬರೆದುಕೊಂಡಿದ್ದರು.

ಈ ವರ್ಷ ಅವನ ಬಲಭುಜ ಹಿಡಿದುಕೊಂಡಿತು. ಕೈ ಸೊಂಟದಿಂದ ಮೇಲೆ ಏಳುವುದಿಲ್ಲ. ಎರಡು ತಿಂಗಳ ಹಿಂದೆ ಭುಜ ತೋರಿಸಲು ಆಸ್ಪತ್ರೆಗೆ ಹೊರಟವನು ಬಾಗಿಲಲ್ಲಿ ನಿಂತು, ಹೊಸ ಹಗ್ಗದ ಸುರುಳಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಮಾರಿಗೊಂದು ಗಂಟು ಹಾಕಿಡು ಮರಿ, ಬಿಗಿಯಾಗಿರ್ಲಿ" ಎಂದ. ಅವನು ಗಂಟು ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅವನು ಮಾಡುತ್ತಿದ್ದಂತೆಯೇ ಮಾಡಿದೆ: ಹಗ್ಗವನ್ನು ಎದೆಯ ಮೇಲೆ ಹಾಯಿಸಿ, ಕೈ ಚಾಚಿ, ತುದಿಯಲ್ಲಿ ಚಿವುಟಿ ಹಿಡಿದು, ಅಲ್ಲಿಗೊಂದು ಗಂಟು. ಅಷ್ಟರಲ್ಲಿ ಒಳಗೆ ಬಂದ ಭಾವ, ಅಂದರೆ ಅಕ್ಕನ ಗಂಡ, "ಏನ್ ಮೂಕಮ್ಮಾ, ರೆಕ್ಕೆ ಬಡೀತಿದ್ದೀಯ? ಹಾರಿ ಹೋಗೋ ಯೋಚನೇನಾ?" ಎಂದು ನಕ್ಕು ಹೋದ. ನಾನು ತಲೆ ತಗ್ಗಿಸಿ ಇನ್ನೊಂದು ಗಂಟು ಹಾಕಿದೆ.

ನನ್ನ ಎತ್ತರ ಐದಡಿ. ನನ್ನ ಮಾರೂ ಅಷ್ಟೇ. ಹಳೆಯ ಹಗ್ಗ ಶೆಡ್ಡಿನಲ್ಲೇ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಹಾಕು ಎಂದು ಅಪ್ಪ ಹೇಳಲಿಲ್ಲ, ಯಾರ ಮಾರು ಎಂದು ನಾನು ಕೇಳಲಿಲ್ಲ.

ಆ ಹೊಸ ಹಗ್ಗದಿಂದ ಅಳೆದ ಜಾಗದಲ್ಲೇ ಈಗ ಮೀನಿನ ಮನೆಗಳು ಕೂತಿವೆ.

ಮೀನಿನ ಮನೆ ಎನ್ನುವುದು ನಾವು. ಎಂಜಿನಿಯರಮ್ಮ ಕೃತಕ ಬಂಡೆಸಾಲು ಎನ್ನುತ್ತಾರೆ. ಕಬ್ಬಿಣದ ಅಚ್ಚಿಗೆ ಕಾಂಕ್ರೀಟು ಸುರಿದು ಮಾಡಿದ ಟೊಳ್ಳು ಪೆಟ್ಟಿಗೆ, ಒಂದೊಂದೂ ನನ್ನಷ್ಟೆತ್ತರ, ನಾಲ್ಕು ಮೈಗೂ ತಲೆ ತೂರುವಷ್ಟು ತೂತು. ದೊಡ್ಡ ಬಲೆಗಳು ದಂಡೆಯ ಹತ್ತಿರದ ತಳವನ್ನೆಲ್ಲ ಗುಡಿಸಿ ಬೋಳು ಮಾಡಿವೆ. ಮರಿ ಮೀನು ಅಡಗಿಕೊಳ್ಳಲು ಒಂದು ಕಲ್ಲಿಲ್ಲ. ಈ ಪೆಟ್ಟಿಗೆಗಳನ್ನು ಮೂರು ಅಂತಸ್ತಾಗಿ ಪೇರಿಸಿದರೆ ಮೈಗೆ ಚಿಪ್ಪು ಕಟ್ಟುತ್ತದೆ, ಒಳಗೆ ಮರಿ ನಿಲ್ಲುತ್ತದೆ, ಎರಡು ಮೂರು ವರ್ಷಕ್ಕೆ ಗಾಳದ ದೋಣಿಯವರು ದೂರ ಹೋಗಬೇಕಾಗಿಲ್ಲ. ಅದಕ್ಕೆ ಜಾಗ ದಂಡೆಗೆ ಹತ್ತಿರವಿರಬೇಕು; ತಳ ಗಟ್ಟಿಯಿರಬೇಕು, ಇಲ್ಲದಿದ್ದರೆ ಪೆಟ್ಟಿಗೆ ಹೂತುಹೋಗುತ್ತದೆ; ಪೂರ್ತಿ ಇಳಿತದಲ್ಲೂ ನಾಲ್ಕು ಮಾರು ನೀರು ಇರಬೇಕು. ತುಂಬಿದ ದೋಣಿಯ ತಳ ನೀರಿನೊಳಗೆ ಆರಡಿ ಇಳಿದಿರುತ್ತದೆ. ನಾಲ್ಕು ಮಾರೆಂದರೆ ಇಪ್ಪತ್ತನಾಲ್ಕು ಅಡಿ. ಮೂರು ಅಂತಸ್ತಿಗೆ ಹದಿನೈದು ಹೋದರೂ ಮೇಲೆ ಒಂಬತ್ತು ಅಡಿ ನೀರು.

ಬಂದರಿನ ಬಾಯಿಗೆ ಎದುರಾಗಿ ಅಂಥದೊಂದು ಚಿಪ್ಪಿನ ತಳ ಅಪ್ಪನಿಗೆ ಗೊತ್ತಿತ್ತು. ಹಿಂದಿನ ವರ್ಷ ಅಲ್ಲಿ ಮೂರು ಮಾರು ಮತ್ತು ಸ್ವಲ್ಪ. ಈ ವರ್ಷ ಹೊಸ ಹಗ್ಗದಲ್ಲಿ ಅಳೆದಾಗ ಸರಿಯಾಗಿ ನಾಲ್ಕು. "ಹೊಳೆ ನೀರು ತಳ ಕೊರೆದಿದೆ" ಎಂದು ಅಪ್ಪ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಕೆಟ್ಟಿನ ಮುಂದೆ ಕೂತು ಲೆಕ್ಕ ಹಾಕಿದೆ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು, ಆದರೆ ಈ ಲೆಕ್ಕಕ್ಕೆ ಶಾಲೆ ಬೇಕಿರಲಿಲ್ಲ. ನನ್ನ ನಾಲ್ಕು ಮಾರು ಇಪ್ಪತ್ತಡಿ. ಮೂರು ಅಂತಸ್ತು ಕಳೆದರೆ ಐದು. ದೋಣಿಗೆ ಬೇಕಾದದ್ದು ಆರು.

ಎರಡು ಅಂತಸ್ತು ಆಗಲೇ ಕೂತಿತ್ತು. ಮೂರನೆಯದು ನಾಳೆ ಬೆಳಿಗ್ಗೆ ಶುರು.

* * *

ಅಚ್ಚಿನ ಅಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಂಡೆ. ಅಲ್ಲಿ ನನ್ನ ಕೆಲಸ ಅಚ್ಚು ಕೆರೆದು ಎಣ್ಣೆ ಸವರುವುದು, ಒಣಗುತ್ತಿರುವ ಪೆಟ್ಟಿಗೆಗಳ ಮೇಲಿನ ಗೋಣಿಗೆ ನೀರು ಹಾಕುವುದು. ಗಾರೆ ಮೇಸ್ತ್ರಿ ಆಗಲೇ ಬಂದಿದ್ದ. ಮೂರನೆಯ ಅಂತಸ್ತಿನ ನಲವತ್ತು ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಮುಂದಿನ ಆರಕ್ಕೆ ಸರಪಳಿ ಹಾಕಿ ಆಗಿತ್ತು. ಉಬ್ಬರ ಇಳಿತದ ನಡುವೆ ನೀರು ನಿಲ್ಲುವ ಅರ್ಧ ಗಂಟೆಯಲ್ಲಿ ಆರಕ್ಕಿಂತ ಹೆಚ್ಚು ಇಳಿಸಲು ಆಗುವುದಿಲ್ಲ.

"ನಮ್ಮನೆಗೆ ಒಂದು ಅಟ್ಟ ಹಾಕೋ ಯೋಗ ಇಲ್ಲ ನಂಗೆ" ಎಂದ ಮೇಸ್ತ್ರಿ, ಪೆಟ್ಟಿಗೆಯ ತೂತಿನಲ್ಲಿ ಕೈಯಿಟ್ಟು. "ಈ ಮೀನುಗಳಿಗೆ ನೋಡು, ಮೂರಂತಸ್ತು, ಗಾಳಿ ಬೆಳಕು, ನಾಲ್ಕು ಕಡೆ ಕಿಟಕಿ. ಮುಂದಿನ ಜನ್ಮ ಅಂತ ಇದ್ರೆ ಬಂಗಡೆ ಆಗಿ ಹುಟ್ಬೇಕು."

ಅಧ್ಯಕ್ಷರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಮೀನುಗಾರರ ಸಂಘಕ್ಕೆ ಹದಿನಾರು ವರ್ಷದಿಂದ ಅವರೇ. "ನಿಮ್ಮಪ್ಪನಿಗೆ ಹೇಳು" ಎಂದರು ನನಗೆ. "ಈ ಕೆಲಸ ನೆಟ್ಟಗೆ ಮುಗೀಲಿ. ಮುಂದಿನ ಎರಡು ಜಾಗಕ್ಕೂ ಅವನೇ ಗುಂಡು ಇಳಿಸ್ಲಿ ಅಂತ ನಾನು ಹೇಳ್ತೀನಿ. ಭುಜ ಹೋದ್ರೆ ಹೋಯ್ತು, ತಲೆ ಇದೆಯಲ್ಲ. ಆಳ ಅಳೆಯೋ ಯಂತ್ರ ತರೋಣ ಅಂತ ಕೆಲವರು ಕುಣೀತಾ ಇದ್ದಾರೆ, ನಾನೇ ಬೇಡ ಅಂದಿದ್ದೀನಿ."

ಅಪ್ಪನ ಬದುಕು ಆ ಮಾತಿನ ಮೇಲೆ ನಿಂತಿತ್ತು. ಬಲೆ ಎಳೆಯಲು ಅವನಿಂದ ಆಗುವುದಿಲ್ಲ, ಹುಟ್ಟು ಹಾಕಲು ಆಗುವುದಿಲ್ಲ. ಉಳಿದದ್ದು ಎಡಗೈಯಲ್ಲಿ ಗಂಟು ಎಣಿಸುವುದು. ಅದೂ ಹೋದರೆ ಅವನು ದಂಡೆಯ ಮೇಲೆ ಕೂರುವವನಾಗುತ್ತಾನೆ.

"ಏನಾದ್ರೂ ಹೇಳ್ಬೇಕಾ?" ಅಧ್ಯಕ್ಷರು ಕೇಳಿದರು. ನಾನು ಅವರ ಕುರ್ಚಿಯ ಮುಂದೆ ಎಣ್ಣೆ ಡಬ್ಬಿ ಹಿಡಿದು ನಿಂತೇ ಇದ್ದೆ.

"ಅವಳು ಹೇಳೋದಾ?" ಮೇಸ್ತ್ರಿ ನಕ್ಕ. "ಈ ಕಾಂಕ್ರೀಟು ಮಾತಾಡಿದ್ಮೇಲೆ ಅವಳ ಸರದಿ."

ಇಡೀ ದಿನ ಹೀಗೇ ಅಳೆದೂ ಸುರಿದೂ ಕಳೆಯಿತು. ಭಾವನ ದೋಣಿ ಬಂದಾಗ, ದೋಣಿ ಕಟ್ಟುವ ದಕ್ಕೆಗೆ ಹೋಗಿ ನೋಡಿದೆ. ನಮ್ಮ ದಂಡೆಯ ದೋಣಿಗಳಲ್ಲಿ ಅವನದೇ ಹೆಚ್ಚು ಆಳಕ್ಕೆ ಕೂರುವುದು. ಮೀನಿನ ಭಾರಕ್ಕೆ ಅದರ ಮೈಯ ಬಿಳಿ ಗೆರೆ ನೀರಿನೊಳಗೆ ಮುಳುಗಿತ್ತು. ಅಕ್ಕ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಭಾವ ಎಸೆದ ಹಗ್ಗವನ್ನು ಕಂಬಕ್ಕೆ ಸುತ್ತುತ್ತಿದ್ದಳು. ಮನೆಗೆ ಬಂದೆ.

* * *

ಸಂಜೆ ಅಪ್ಪ ನಡುಮನೆಯಲ್ಲಿ ಅಂಗಿ ಬಿಚ್ಚಿ ಕೂತಿದ್ದ. ಅಮ್ಮ ಅವನ ಭುಜಕ್ಕೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ನಾನು ಹಿತ್ತಲಿಂದ ಹಳೆಯ ಹಗ್ಗ ಬಿಚ್ಚಿ ತಂದೆ. ಮೊಳೆಯಿಂದ ಹೊಸ ಹಗ್ಗ ಇಳಿಸಿದೆ. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಹಾಸಿದೆ, ಗುಂಡು ಕಟ್ಟುವ ತುದಿಗಳು ಒಂದೇ ಸಾಲಿಗೆ ಬರುವಂತೆ.

ಅಪ್ಪ ಮೊದಲು ನನ್ನ ಮುಖ ನೋಡಿದ. ಆಮೇಲೆ ಹಗ್ಗ ನೋಡಿದ. ಮೊದಲ ಗಂಟು, ಎರಡನೆಯದು, ಮೂರನೆಯದು. ನಾಲ್ಕನೆಯ ಗಂಟಿನ ಹೊತ್ತಿಗೆ ಎರಡರ ನಡುವೆ ಒಂದು ಮಗು ಮಲಗುವಷ್ಟು ಅಂತರವಿತ್ತು.

ಅಮ್ಮನ ಕೈ ನಿಂತಿತು. "ಏನಾಯ್ತು?"

"ಗೋಡೆಗೆ ಬೆನ್ನು ಕೊಟ್ಟು ನಿಲ್ಲು" ಎಂದ ಅಪ್ಪ ನನಗೆ. "ಕೈ ಚಾಚು."

ಚಾಚಿದೆ. ಅವನು ಎದ್ದು ಬಂದು, ಒಲೆಯ ಇದ್ದಿಲಿನಿಂದ ನನ್ನ ಎರಡೂ ಬೆರಳ ತುದಿಗೆ ಗೋಡೆಯ ಮೇಲೆ ಗೆರೆ ಎಳೆದ. ಆಮೇಲೆ ನನ್ನನ್ನು ಸರಿಸಿ, ತಾನೇ ಗೋಡೆಗೆ ಬೆನ್ನು ಕೊಟ್ಟು ನಿಂತ. ಎಡಗೈ ಚಾಚಿತು. ಬಲಗೈಯನ್ನು ಎತ್ತಲು ನೋಡಿದ. ಕುತ್ತಿಗೆಯ ನರ ಉಬ್ಬಿತು, ಎಣ್ಣೆಯ ಮೈ ಬೆವರಿತು, ಕೈ ಸೊಂಟದ ಹತ್ತಿರವೇ ನಡುಗುತ್ತಾ ನಿಂತಿತು.

"ಸಾಕು ಬಿಡಿ" ಎಂದಳು ಅಮ್ಮ. "ಯಾರು ನೋಡ್ಬೇಕಾಗಿದೆ ಅದನ್ನ?"

ಅವನು ಗೋಡೆ ಬಿಟ್ಟು ಬಂದು ಕೂತ. ಬಹಳ ಹೊತ್ತು ಹೊಸ ಹಗ್ಗದ ಗಂಟನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ನಾನು ಹೇಳ್ತೀನಿ ಅಧ್ಯಕ್ಷರಿಗೆ" ಎಂದೆ. "ಗಂಟು ಹಾಕಿದ್ದು ನಾನು."

"ನೀನಾ?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಅಂಗಡೀಲಿ ಉಪ್ಪು ಬೇಕಾದ್ರೂ ಬೆರಳು ತೋರಿಸೋಳು."

ಅಮ್ಮ ಎಣ್ಣೆಯ ಬಟ್ಟಲು ಮುಚ್ಚಿದಳು. "ಹೇಳೋದು ಯಾಕೆ? ಮೂರನೇದು ಬೇಡ, ಎರಡೇ ಸಾಕು ಅಂದ್ಬಿಡಿ. ನೀರಿನ ಸೆಳೆತ ಜಾಸ್ತಿ ಅನ್ನಿ. ನಿಮ್ಮ ಮಾತು ಯಾರು ತೆಗೆದುಹಾಕ್ತಾರೆ?"

"ಯಾರೂ ತೆಗೆದುಹಾಕಲ್ಲ" ಎಂದ ಅಪ್ಪ. "ಅದಕ್ಕೇ ಸುಳ್ಳು ಹೇಳೋಕಾಗಲ್ಲ." ನನ್ನ ಕಡೆ ನೋಡದೆ ಮುಂದುವರಿಸಿದ: "ಕೈಗೆ ಗೊತ್ತಾಗಿತ್ತು ಕಣೇ. ಗಂಟು ಬೇಗ ಬೇಗ ಬರ್ತಿತ್ತು. ಮೂರು ಆಗಿ ಸ್ವಲ್ಪ ಬಿಟ್ಟು ನಿಲ್ಬೇಕಾದ್ದು, ನಾಲ್ಕು ಬಂತು. ತಳ ಕೊರೆದಿದೆ ಅಂದ್ಕೊಂಡೆ. ಅಂದ್ಕೊಳ್ಳೋಕೆ ಚೆನ್ನಾಗಿತ್ತು."

ಅಮ್ಮ ದೀಪ ಹಚ್ಚಿದಳು. ಗೋಡೆಯ ಮೇಲೆ ಇದ್ದಿಲಿನ ಎರಡು ಗೆರೆ ಕಾಣುತ್ತಿದ್ದವು. ಹೊದಿಕೆ ಒದ್ದೆಯಾಗಿಯೇ ಬಕೆಟ್ಟಿನಲ್ಲಿತ್ತು. ಆ ದಿನ ಅಪ್ಪ ಅಂಗಿಯನ್ನೇ ಹೊದ್ದುಕೊಂಡು ಮಲಗಿದ.

* * *

ಬೆಳಿಗ್ಗೆ ಅವನು ಹಳೆಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಸಾಬೂನಿನ ಡಬ್ಬಿ ಹಿಡಿದು ಹಿಂದೆ. ಗುಂಡಿಗೆ ಸಾಬೂನು ಮೆತ್ತುವ ಕೆಲಸ ಭುಜ ಹೋದಾಗಿನಿಂದ ನನ್ನದು. ಗುಂಡು ಎಸೆಯುವುದು ಭಾವ, ಗಂಟು ಎಣಿಸುವುದು ಅಪ್ಪ.

ತೆಪ್ಪದ ಮೇಲೆ ಕ್ರೇನು, ಆರು ಪೆಟ್ಟಿಗೆ, ಅಧ್ಯಕ್ಷರೂ ಮೇಸ್ತ್ರಿಯೂ ಸೇರಿ ಒಂಬತ್ತು ಜನ. ಬಂದರಿನ ಬಾಯಿ ದಾಟಿ ಕೆಂಪು ತೇಲುಗುಂಡಿನ ಹತ್ತಿರ ಲಂಗರು ಹಾಕಿದರು. ಇಳಿತ ಮುಗಿಯುತ್ತಾ ಬಂದಿತ್ತು. ತೇಲುಗುಂಡು ವಾಲುವುದನ್ನು ಬಿಟ್ಟು ನಿಧಾನವಾಗಿ ನೆಟ್ಟಗಾಗುವುದನ್ನು ಎಲ್ಲರೂ ನೋಡುತ್ತಿದ್ದರು. ನೀರು ನಿಂತಿತು ಎಂದು ಅದೇ ಹೇಳುವುದು. ಕ್ರೇನಿನವನು ಎಂಜಿನ್ ಚಾಲು ಮಾಡಿ ಮೊದಲ ಪೆಟ್ಟಿಗೆಯನ್ನು ಎತ್ತಿ ಹಿಡಿದ. ಕೆಳಗಿನಿಂದ ನೀರು ಸೋರುತ್ತಿತ್ತು. ಗೋಣಿಗೆ ನಾನು ಹಾಕಿದ್ದ ನೀರು.

"ಇಳಿಸ್ಲಾ ಯಜಮಾನ್ರೇ?" ಎಂದು ಅವನು ಅಪ್ಪನ ಕಡೆ ಕೂಗಿದ.

"ತಡಿ" ಎಂದ ಅಪ್ಪ. ಭಾವನಿಗೆ ಹಳೆಯ ಹಗ್ಗ ಕೊಟ್ಟ. "ಪೆಟ್ಟಿಗೆ ಇಲ್ಲದ ಕಡೆ ಎಸಿ. ಈ ಹಗ್ಗದಲ್ಲಿ."

ನಾನು ಸಾಬೂನು ಮೆತ್ತಿದೆ. ಗುಂಡು ಹೋಯಿತು. ಅಪ್ಪನ ಎಡಗೈಯಲ್ಲಿ ಒಂದು ಗಂಟು ಹಾದಿತು, ಎರಡು, ಮೂರು. ಮೂರರಾಚೆ ಎರಡು ಅಡಿ ಹೋಗಿ ಹಗ್ಗ ಸಡಿಲಾಯಿತು.

"ಎಷ್ಟು?" ಅಧ್ಯಕ್ಷರು ಕೇಳಿದರು.

ಅಪ್ಪ ಗುಂಡನ್ನು ಮೇಲೆಳೆಸಿ, ಸಾಬೂನಿಗೆ ಅಂಟಿದ್ದ ಚಿಪ್ಪಿನ ಚೂರನ್ನು ಬೆರಳಲ್ಲಿ ತೆಗೆದು ನೋಡಿ, ಆಮೇಲೆ ಹೇಳಿದ. "ಮೂರು ಮಾರು, ಎರಡಡಿ. ನಾಲ್ಕಲ್ಲ. ಮೂರನೇ ಅಂತಸ್ತು ಹಾಕೋಕಾಗಲ್ಲ, ಹಾಕಿದ್ರೆ ತುಂಬಿದ ದೋಣಿ ತಳ ಒಡ್ಕೊಳ್ಳುತ್ತೆ. ಹೊಸ ಹಗ್ಗದ ಗಂಟು ತಪ್ಪು. ಗಂಟು ಹಾಕಿದ್ದು ನಾನು. ಕೈ ಚಾಚೋಕಾಗದೆ ಅಂದಾಜಿಗೆ ಹಾಕ್ದೆ."

ಪೆಟ್ಟಿಗೆ ನಮ್ಮ ತಲೆಯ ಮೇಲೆ ನಿಧಾನವಾಗಿ ತಿರುಗುತ್ತಿತ್ತು.

ಭಾವ ನನ್ನ ಕಡೆ ತಿರುಗಿದ. ನಾನು ರೆಕ್ಕೆ ಬಡಿದದ್ದು ಅವನಿಗೆ ನೆನಪಿತ್ತು, ಕಣ್ಣಲ್ಲೇ ಗೊತ್ತಾಯಿತು. ಅವನು ಬಾಯಿ ತೆರೆದ. ಅಪ್ಪ ಅವನನ್ನು ಒಮ್ಮೆ ನೋಡಿದ. ಬಾಯಿ ಮುಚ್ಚಿತು.

"ಅಂದಾಜಿಗೆ!" ಅಧ್ಯಕ್ಷರು ಎಂದರು. "ಎಂಬತ್ತು ಪೆಟ್ಟಿಗೆ ಇಳಿಸಿದ್ದೀವಿ ನಿನ್ನ ಬಾಯಿ ಮಾತಿನ ಮೇಲೆ."

"ಎರಡು ಅಂತಸ್ತಿಗೆ ತೊಂದರೆ ಇಲ್ಲ. ಮೇಲೆ ಹತ್ತಡಿ ನೀರಿದೆ."

"ಇವತ್ತು ಹತ್ತು ಅಂತೀಯ. ನಾಳೆ ಇನ್ನೊಂದು ಹಗ್ಗ ತಂದು ಎಂಟು ಅಂದ್ರೆ?"

ಅಪ್ಪ ಹಗ್ಗ ಸುತ್ತಲು ತೊಡಗಿದ, ಒಂದೇ ಕೈಯಲ್ಲಿ, ಮೊಣಕಾಲಿನ ಸುತ್ತ. ನನ್ನ ಕೈಯಲ್ಲಿ ಸಾಬೂನಿನ ಡಬ್ಬಿ ಇತ್ತು. 'ನಾನು' ಎಂಬ ಒಂದೇ ಮಾತು ಸಾಕಿತ್ತು. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದೆ. ತೇಲುಗುಂಡು ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ವಾಲಿತು. ಉಬ್ಬರ ಶುರುವಾಗಿತ್ತು. ಕ್ರೇನಿನವನು ಪೆಟ್ಟಿಗೆಯನ್ನು ಮತ್ತೆ ತೆಪ್ಪದ ಮೇಲೆ ಇಳಿಸಿದ.

ವಾಪಸು ಬರುವಾಗ ಯಾರೂ ಅಪ್ಪನ ಪಕ್ಕ ಕೂರಲಿಲ್ಲ. ಜಗಳವೇನೂ ಅಲ್ಲ, ಜಾಗ ಬೇರೆ ಕಡೆ ಇತ್ತು, ಅಷ್ಟೇ. ದಕ್ಕೆ ಹತ್ತಿರವಾದಾಗ ಮೇಸ್ತ್ರಿ ಮಾತ್ರ, "ಮನುಷ್ಯನ ಕೈ ಅಂದ್ಮೇಲೆ ತಪ್ಪುತ್ತೆ" ಎಂದ. ಅದೂ ಪೆಟ್ಟಿಗೆಗಳಿಗೆ ಹೇಳಿದಂತಿತ್ತು.

* * *

ಹದಿನೈದು ದಿನ ಕಳೆಯಿತು. ಅಪ್ಪ ದಿನಾ ಬೆಳಿಗ್ಗೆ ದಕ್ಕೆಗೆ ಹೋಗಿ ದೋಣಿಗಳು ಹೊರಡುವುದನ್ನು ನೋಡಿ ಬರುತ್ತಿದ್ದ. ಗುಂಡನ್ನು ಗೂಡಿನಲ್ಲಿಟ್ಟಿದ್ದ. ಹೊಸ ಹಗ್ಗದ ಗಂಟುಗಳನ್ನು ನಾನು ಒಂದೊಂದಾಗಿ ಬಿಚ್ಚಿ, ಹಳೆಯದರ ಪಕ್ಕದಲ್ಲಿಟ್ಟು ಮತ್ತೆ ಹಾಕಿದೆ. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಹಿತ್ತಲಿಗೆ ಭಾವ ಹೊಸ ತಂತಿ ತಂದು ಕಟ್ಟಿಕೊಟ್ಟ. ಕಟ್ಟುವಾಗ ನನ್ನನ್ನು ಮೂಕಮ್ಮ ಎಂದು ಕರೆಯಲಿಲ್ಲ. ಅದೇ ಹೆಚ್ಚು ನೋವಾಯಿತು.

ಉಳಿದ ನಲವತ್ತು ಪೆಟ್ಟಿಗೆಗಳನ್ನು ಎಲ್ಲಿ ಇಳಿಸುವುದು ಎಂದು ಸಂಘದ ಕೋಣೆಯಲ್ಲಿ ಸಭೆ ಕರೆದರು. ಟೀ ಹಂಚಲು ನನ್ನನ್ನು ಕರೆದಿದ್ದರು. ಮೇಜಿನ ಮೇಲೆ ಹಳದಿ ಪೆಟ್ಟಿಗೆಯಲ್ಲಿ ಯಂತ್ರ ಇತ್ತು. ಅದರಿಂದ ಸದ್ದು ಕೆಳಗೆ ಹೋಗಿ ತಳಕ್ಕೆ ತಾಗಿ ವಾಪಸು ಬರುತ್ತದಂತೆ, ಅಂಕಿ ತಾನೇ ಕಾಣುತ್ತದಂತೆ.

"ಹೊಸ ಜಾಗದಲ್ಲಿ ಮೇಲ್ಗಡೆ ತೆಳು ಕೆಸರು ಇದ್ರೆ ಇದು ಕೆಸರನ್ನೇ ತಳ ಅಂದುಬಿಡಬಹುದು" ಎಂದರು ಎಂಜಿನಿಯರಮ್ಮ. "ಒಂದ್ಸಲ ಗುಂಡು ಇಳಿಸಿ ಸಾಬೂನಿಗೆ ಏನು ಅಂಟುತ್ತೆ ನೋಡೋದು ಒಳ್ಳೇದು."

"ಯಾರು ಬೇಕಾದ್ರೂ ಇಳಿಸ್ಬಹುದು" ಎಂದರು ಅಧ್ಯಕ್ಷರು. "ಗುಂಡು ತಾನೆ."

"ಅಂಟಿದ್ದು ಏನು ಅಂತ ಹೇಳೋಕೆ ಗೊತ್ತಿರ್ಬೇಕಲ್ಲ" ಎಂದ ಭಾವ.

ಯಾರೋ ಮೂಲೆಯಿಂದ, "ಅಂದಾಜಿಗೆ ಹೇಳಿದ್ರಾಯ್ತು" ಎಂದರು. ಎರಡು ಮೂರು ಜನ ನಕ್ಕರು.

ತಟ್ಟೆಯಲ್ಲಿ ಇನ್ನೂ ಮೂರು ಲೋಟ ಉಳಿದಿತ್ತು. ಅದನ್ನು ಯಂತ್ರದ ಪಕ್ಕದಲ್ಲಿ ಇಟ್ಟೆ. ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು.

"ಗಂಟು ಹಾಕಿದ್ದು ಅಪ್ಪ ಅಲ್ಲ" ಎಂದೆ. "ನಾನು. ನನ್ನ ಕೈಯಲ್ಲಿ ಅಳೆದು ಹಾಕ್ದೆ. ಅಂದಾಜಲ್ಲ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಮೇಸ್ತ್ರಿಯ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಅಧ್ಯಕ್ಷರು ಕನ್ನಡಕ ತೆಗೆದು ಅಂಗಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಮಗಳಲ್ವಾ, ಹಾಗೇ ಹೇಳ್ತೀಯ" ಎಂದರು, ಮೆತ್ತಗೆ. "ನಿನ್ನ ಮನಸ್ಸು ಅರ್ಥ ಆಗುತ್ತಮ್ಮ. ಹೋಗ್ಲಿ ಬಿಡು, ಮುಗಿದ ಕಥೆ."

ಭಾವ ಎದ್ದು ನಿಂತ. "ಅವಳು ಹೇಳಿದ್ದು ನಿಜ. ಹಾಕೋವಾಗ ನಾನು ನೋಡಿದ್ದೀನಿ."

"ಹಾಗಾದ್ರೆ ಅವತ್ತು ತೆಪ್ಪದ ಮೇಲೆ ಯಾಕೆ ಹೇಳ್ಲಿಲ್ಲ ಇಬ್ರೂ?"

ಭಾವ ಕೂತ. ಅಧ್ಯಕ್ಷರು ಯಂತ್ರದ ಪೆಟ್ಟಿಗೆಯ ಮುಚ್ಚಳ ತೆರೆದು ಒಳಗಿನ ಕಾಗದ ಬಿಡಿಸಿದರು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅತ್ತ ತಿರುಗಿದವು. ಕಿಟಕಿಯಿಂದ ದಕ್ಕೆ ಕಾಣುತ್ತಿತ್ತು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನೀರಿನ ಕಡೆ ಮುಖ ಮಾಡಿ.

ನಾನು ತಟ್ಟೆ ತೆಗೆದುಕೊಳ್ಳಲಿಲ್ಲ. ಅಲ್ಲೇ ನಿಂತೆ.

"ಹೊಸ ಜಾಗ ನೋಡೋಕೆ ಹೋಗುವಾಗ" ಎಂದೆ, "ಅಪ್ಪನ್ನೂ ದೋಣೀಲಿ ಕರ್ಕೊಂಡು ಹೋಗಿ."

ಅಧ್ಯಕ್ಷರು ಕಾಗದದ ಪುಟ ತಿರುಗಿಸಿದರು. ಮೇಸ್ತ್ರಿ ಲೋಟ ಕೆಳಗಿಟ್ಟ.

"ಎಣಿಸೋದು ಬೇಡ. ಸುಮ್ನೆ ಕೂತಿರ್ತಾನೆ. ಕರ್ಕೊಂಡು ಹೋಗಿ."